ಮುಂದಿನ ಬ್ರೇಕು

“ಎಳೀಬೇಡಿ ಭಾವ, ಹಾಗೆ ಎಳೆದ್ರೆ ಮುಗ್ಗರಿಸುತ್ತೆ,” ಎಂದು ಅವಳು ಹೇಳುವಷ್ಟರಲ್ಲಿ ಭಾವ ಎಳೆದೇಬಿಟ್ಟಿದ್ದರು. ಮುಂದಿನ ಚಕ್ರವಿಲ್ಲದ ಬೈಕು ಬಣ್ಣದ ಡಬ್ಬಿಗಳ ಮೇಲಿಂದ ಜಾರಿ, ಮೂತಿಯನ್ನು ನೆಲಕ್ಕೆ ಊರಿ, ಎರಡು ಗೋಡೆಗಳ ನಡುವೆ ಅಡ್ಡಡ್ಡ ಸಿಕ್ಕಿಕೊಂಡಿತು. ಭಾವನ ಬಿಳಿ ಅಂಗಿಯ ಮೇಲೆ ಎದೆಯಿಂದ ಹೊಟ್ಟೆಯವರೆಗೆ ಗ್ರೀಸಿನ ಕಪ್ಪು ಗೀರು ಬಿತ್ತು.

“ಇದೇನು ಗಾಡಿನೋ ಕೋಣನೋ,” ಎಂದರು ಭಾವ, ಅಂಗಿಯನ್ನು ಉಜ್ಜಿ ಗೀರನ್ನು ಇನ್ನಷ್ಟು ಅಗಲ ಮಾಡುತ್ತ.

ಹಜಾರದಲ್ಲಿ, ಪೆಟ್ಟಿಗೆಯೊಳಗೆ, ಅವಳ ಗಂಡ ಮಲಗಿದ್ದ. ಬೀದಿಯಲ್ಲಿ ವ್ಯಾನು ನಿಂತಿತ್ತು. ನಡುವೆ ಇದ್ದದ್ದು ಪ್ಯಾಸೇಜು, ಪ್ಯಾಸೇಜಿನ ತುಂಬ ಇದ್ದದ್ದು ಬೈಕು. ಖಾಲಿ ಪೆಟ್ಟಿಗೆಯನ್ನೇನೋ ಬೆಳಿಗ್ಗೆ ನೆಟ್ಟಗೆ ನಿಲ್ಲಿಸಿಕೊಂಡು ಒಳಗೆ ತಂದಿದ್ದರು. ಈಗ ಹಾಗೆ ನಿಲ್ಲಿಸುವಂತಿರಲಿಲ್ಲ. ಹಿಂಬಾಗಿಲು ತೆಗೆದರೆ ಪಕ್ಕದ ಮನೆಯ ಗೋಡೆ ಮೂಗಿಗೆ ತಾಗುತ್ತಿತ್ತು. ಕಿಟಕಿಗಳಿಗೆಲ್ಲ ಕಂಬಿ. ವ್ಯಾನಿನವರು ಒಳಗೆ ಇಣುಕಿ, ಕಣ್ಣಲ್ಲೇ ಅಳೆದು, “ಮೊದ್ಲು ಇದನ್ನ ತೆಗೆಸಿ ಮೇಡಂ, ಆಮೇಲೆ ನಮ್ಮ ಕೆಲಸ,” ಎಂದು ಹೊರಗೆ ಹೋಗಿ ನಿಂತಿದ್ದರು.

ಬೀದಿ ಬಾಗಿಲಲ್ಲಿ ಗಂಡನ ಚಿಕ್ಕಮ್ಮ ಬಂದು ನಿಂತರು. ಒಳಗೆ ಬರಲು ದಾರಿಯಿಲ್ಲದೆ, ಬೈಕಿನ ಆಚೆ ಬದಿಯಿಂದಲೇ ಕಣ್ಣೊರೆಸಿಕೊಂಡರು.

“ಬೇಡ ಬೇಡ ಅಂತ ಬಡ್ಕೊಂಡೆ. ಕೊನೆಗೂ ಈ ಗಾಡೀನೇ ಅವನನ್ನ ತಿಂದ್ಹಾಕ್ತಲ್ಲ.”

“ಗಾಡಿ ಅಲ್ಲ ಚಿಕ್ಕತ್ತೆ. ಹೃದಯ. ಮನೇಲೇ, ಅಂಗಡಿಗೆ ಹೊರಡೋಕೆ ಬೂಟು ಹಾಕ್ಕೊಳ್ತಾ ಇದ್ರು.”

“ಹೃದಯಾನೋ ಎಂಥದೋ. ಅಷ್ಟು ಜೋರಾಗಿ ಓಡಿಸಿದ್ರೆ ಹೃದಯ ಏನು ಮಾಡುತ್ತೆ ಪಾಪ.”

“ಅದು ಓಡಿ ಎಷ್ಟೋ ವರ್ಷ ಆಯ್ತು,” ಎಂದಳು ಅವಳು. ನಿನ್ನೆಯಿಂದ ಇದೇ ಮಾತನ್ನು ಬಂದವರಿಗೆಲ್ಲ ಹೇಳಿ ಹೇಳಿ ಅವಳ ಗಂಟಲು ಕಟ್ಟಿತ್ತು. ಯಾರೂ ಪೂರ್ತಿ ನಂಬಿದಂತೆ ಕಾಣಲಿಲ್ಲ. ಬಗ್ಗಿ ಲೇಸು ಕಟ್ಟಿಕೊಳ್ಳುತ್ತಿದ್ದ ಮನುಷ್ಯ ಏಳಲೇ ಇಲ್ಲ ಎನ್ನುವುದಕ್ಕಿಂತ, ಬೈಕು ಕೊಂದಿತು ಎನ್ನುವುದು ಎಲ್ಲರಿಗೂ ಸರಿಯಾಗಿ ಕೂರುತ್ತಿತ್ತು.

“ವೆಲ್ಡಿಂಗ್‌ನವರನ್ನ ಕರೆಸಿ ತುಂಡು ಮಾಡಿಸಿದ್ರೆ ಹೇಗೆ?” ಎಂದರು ಭಾವ.

“ಚಕ್ರ ಹಾಕಿದ್ರೆ ಉರುಳುತ್ತೆ ದೊಡ್ಡಪ್ಪ,” ಎಂದಳು ಮಗಳು. “ಮೆಕ್ಯಾನಿಕ್ ಮಾಮನ್ನ ಕರೆದಿದೀನಿ. ಬರ್ತಾ ಇದಾರೆ.”

ಅವಳು ಮಗಳನ್ನು ದುರುಗುಟ್ಟಿಕೊಂಡು ನೋಡಿದಳು. “ಅವರನ್ನ ಯಾಕೆ ಕರೆದೆ? ಮಾತು ಬಿಟ್ಟಿದ್ರಲ್ಲ.”

“ಬಿಟ್ಟಿದ್ದು ಅಪ್ಪ. ಈಗ ಮಾತಾಡ್ಬೇಕಾಗಿರೋದು ಅಪ್ಪ ಅಲ್ವಲ್ಲಮ್ಮ.”

*

ಅವಳ ಗಂಡ ಬಣ್ಣದ ಅಂಗಡಿಯಲ್ಲಿ ಬಣ್ಣ ಬೆರೆಸುತ್ತಿದ್ದ. ಯಾರಾದರೂ ಗೋಡೆಯಿಂದ ಉದುರಿದ ಒಂದು ಚಕ್ಕೆ ತಂದು ಮುಂದಿಟ್ಟರೆ ಸಾಕು, ಬೆಳಕಿಗೆ ಹಿಡಿದು ನೋಡಿ, ಹಳೆಯದಕ್ಕೂ ಹೊಸದಕ್ಕೂ ಗೆರೆ ಕಾಣದ ಹಾಗೆ ಬೆರೆಸಿಕೊಡುತ್ತಿದ್ದ. ಅಂಥ ಕಣ್ಣು ಕೊಟ್ಟ ದೇವರು ಕೈ ಕೊಡುವ ಹೊತ್ತಿಗೆ ಬೇರೆಲ್ಲೋ ನೋಡುತ್ತಿದ್ದ. ಅವನು ಸರಿಮಾಡಿದ ನಲ್ಲಿ ಮೊದಲಿಗಿಂತ ಹೆಚ್ಚು ಸೋರುತ್ತಿತ್ತು. ಅವನು ಬಿಚ್ಚಿದ ಗಡಿಯಾರವನ್ನು ಮತ್ತೆ ಮುಚ್ಚುವಾಗ ಯಾವಾಗಲೂ ಒಂದೆರಡು ಸ್ಕ್ರೂ ಮಿಕ್ಕುತ್ತಿದ್ದವು. ಕೇಳಿದರೆ, “ನಾಳೆ ನೋಡ್ತೀನಿ,” ಎನ್ನುತ್ತಿದ್ದ. ಅಂಗಡಿಯಲ್ಲಿ ಅವನಿಗೆ ‘ನಾಳೆ ಸಾಹೇಬ್ರು’ ಎಂದೇ ಹೆಸರು.

ಆ ಬೈಕನ್ನು ಅವನು ಯಾರೋ ಓಡಿಸಿ ಬಿಟ್ಟಿದ್ದನ್ನು ಕೊಂಡುತಂದ. ಕೆಂಪು ಮೈ, ಚೂಪು ಮೂತಿ, ಕೂತವನು ಮುಂದಕ್ಕೆ ಬಾಗಿಯೇ ಓಡಿಸಬೇಕಾದ ರೇಸಿನ ಜಾತಿ. ಕೊಂಡದ್ದು ಬಣ್ಣಕ್ಕೆ ಮರುಳಾಗಿ ಎಂದು ಅವಳಿಗೆ ಈಗಲೂ ಅನುಮಾನ. ಮೊದಲ ದಿನವೇ ಅವನಿಗೆ ಮುಂದಿನ ಚಕ್ರದ ಸದ್ದು ಕೇಳಿಸಿತು. ನಿಧಾನ ಹೋಗುವಾಗ ಬ್ರೇಕಿನ ಡಿಸ್ಕು ಲಟಲಟ ಅನ್ನುತ್ತಿತ್ತು.

ಬಾಲ್ಯದ ಗೆಳೆಯನಾದ ಮೆಕ್ಯಾನಿಕ್ ನೋಡಿ ನಕ್ಕುಬಿಟ್ಟ. “ಅದು ರೋಗ ಅಲ್ಲ ಕಣೋ, ಅದರ ಗುಣ. ಹೊರಗಡೆ ಬಳೆ ಥರ ಇದ್ಯಲ್ಲ, ಅದು ಒಳಗಿನ ಬಿಲ್ಲೆ ಮೇಲೆ ಸ್ವಲ್ಪ ಆಡ್ತಾ ಇರ್ಬೇಕು. ಬ್ರೇಕ್ ಹಿಡಿದಾಗ ಕಾಯುತ್ತೆ, ಕಾದಾಗ ಹಿಗ್ಗೋಕೆ ಜಾಗ ಬೇಕಲ್ಲ. ಅದಕ್ಕೇ ಫ್ಲೋಟಿಂಗ್ ಡಿಸ್ಕ್ ಅನ್ನೋದು. ಮುಟ್ಬೇಡ, ಸುಮ್ನೆ ಓಡ್ಸು.”

“ಬ್ರೇಕು ಸಡಿಲ ಇರೋದು ಸರಿ ಹೇಗಾಗುತ್ತೆ?” ಎಂದು ಅವನು ಮನೆಗೆ ಬಂದು ಹೆಂಡತಿಯನ್ನು ಕೇಳಿದ. ಅವಳಿಗೇನು ಗೊತ್ತು. ಒಂದು ರಜೆಯ ದಿನ ಚಕ್ರ ಬಿಚ್ಚಿ, ಬಳೆಯನ್ನೂ ಬಿಲ್ಲೆಯನ್ನೂ ಸೇರಿಸುವ ಪುಟ್ಟ ಗುಂಡಿಗಳನ್ನು ಒಂದೊಂದಾಗಿ ಸುತ್ತಿಗೆಯಿಂದ ಜಡಿದು, ಸಂದಿಗಳಿಗೆ ಲೋಹದ ಅಂಟು ತುಂಬಿಸಿದ. ಒಣಗಿದ ಮೇಲೆ ಅವಳನ್ನು ಕರೆದು ಚಕ್ರ ತಿರುಗಿಸಿದ.

“ಕೇಳು.”

“ಏನೂ ಕೇಳಿಸ್ತಿಲ್ಲ.”

“ಅದನ್ನೇ ಕೇಳು ಅಂದಿದ್ದು.”

ಆ ವಾರವೇ ಅವಳನ್ನು ಹಿಂದೆ ಕೂರಿಸಿಕೊಂಡು ಗುಡ್ಡದ ರಸ್ತೆಗೆ ಹೋದ. ಇಳಿಜಾರಿನಲ್ಲಿ ಹಿಡಿದು ಬಿಟ್ಟು, ಹಿಡಿದು ಬಿಟ್ಟು ಡಿಸ್ಕು ಕಾದಿತು. ಹಿಗ್ಗಲು ಜಾಗವಿಲ್ಲದೆ ಸೊಟ್ಟಗಾಯಿತು. ಬ್ರೇಕಿನ ಹಿಡಿ ಅವನ ಬೆರಳುಗಳನ್ನು ಒದೆಯತೊಡಗಿತು, ಕೊನೆಯ ತಿರುವಿನಲ್ಲಿ ಸೀದಾ ಹ್ಯಾಂಡಲ್ಲಿಗೇ ಬಂದು ಅಂಟಿಕೊಂಡಿತು. ರಸ್ತೆಬದಿಯ ಬೇಲಿ ಇಬ್ಬರನ್ನೂ ಉಳಿಸಿತು. ಅವನಿಗೆ ತರಚು ಗಾಯ. ಅವಳ ಎಡಗೈ ಮಣಿಕಟ್ಟು ಮುರಿಯಿತು.

ಬೈಕನ್ನು ಸಾಗಿಸಲು ವ್ಯಾನು ತಂದಿದ್ದ ಮೆಕ್ಯಾನಿಕ್ ಡಿಸ್ಕನ್ನು ನೋಡಿ, ಅವಳೆದುರಿಗೇ ಅವನಿಗೆ ಹಿಗ್ಗಾಮುಗ್ಗಾ ಬೈದ. ಅಂದಿನಿಂದ ಅವನು ಗೆಳೆಯನ ಗ್ಯಾರೇಜಿನ ಬೀದಿಯಲ್ಲಿ ಕಾಲಿಡಲಿಲ್ಲ. ಅವಳಂತೂ ಮಣಿಕಟ್ಟಿನ ವಿಷಯವಾಗಿ ಒಂದು ಮಾತೂ ಆಡಲಿಲ್ಲ. ಅವನು ಅದನ್ನೇ ಬೈಗುಳ ಅಂದುಕೊಂಡ. ಅವಳು ಮತ್ತೆ ಆ ಬೈಕಿನ ಮೇಲೆ ಕೂರಲಿಲ್ಲ, ಅವನು ಅದನ್ನು ಸರಿಮಾಡುವುದನ್ನು ಬಿಡಲಿಲ್ಲ. ಹೊಸ ಡಿಸ್ಕು ಬಂತು. ಅದನ್ನು ಹಾಕುವಾಗ ಒಂದು ಬೋಲ್ಟು ಮುರಿಯಿತು. ಬೋಲ್ಟು ತೆಗೆಯುವಾಗ ಇನ್ನೊಂದೇನೋ ಸೀಳಿತು. ಹೀಗೆ ವರ್ಷಗಳು ಹೋದವು, ಬೈಕು ಪ್ಯಾಸೇಜಿನಲ್ಲೇ ಉಳಿಯಿತು, ತಾಯಿ ಮಗಳು ಗೋಡೆಗೆ ಆತುಕೊಂಡು ಅಡ್ಡಡ್ಡವಾಗಿ ದಾಟುವುದನ್ನು ರೂಢಿ ಮಾಡಿಕೊಂಡರು. “ಗ್ಯಾರೇಜಿಗೆ ಕೊಟ್ಬಿಡಿ,” ಎಂದು ಅವಳು ಬೇಡಿಕೊಂಡಳು, ಗದರಿದಳು, ಅತ್ತೂ ನೋಡಿದಳು. “ಕೆಡಿಸಿದ್ದು ನಾನು,” ಎನ್ನುತ್ತಿದ್ದ. ಅಲ್ಲಿಗೆ ಮಾತು ಮುಗಿಯುತ್ತಿತ್ತು.

*

ಮೆಕ್ಯಾನಿಕ್ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಬಂದ. ಬೈಕನ್ನು ಹತ್ತಿ ಇಳಿದು ಹಜಾರಕ್ಕೆ ಹೋಗಿ ಪೆಟ್ಟಿಗೆಯ ಪಕ್ಕ ಸ್ವಲ್ಪ ಹೊತ್ತು ನಿಂತ. ಆಮೇಲೆ ತೋಳು ಮಡಿಸಿಕೊಂಡು, “ಚಕ್ರ ಎಲ್ಲಿದೆ ಅತ್ತಿಗೆ?” ಎಂದ.

ಚಕ್ರ ಮಲಗುವ ಕೋಣೆಯಲ್ಲಿತ್ತು, ಹಳೆಯ ಕಂಬಳಿ ಹೊದ್ದು. ಮಗಳು ಉರುಳಿಸಿಕೊಂಡು ಬರುವಾಗ ಡಿಸ್ಕು ಲಟಲಟ ಅಂದಿತು.

“ನೋಡಿ, ಇದೂ ಸಡಿಲ,” ಎಂದರು ಭಾವ.

“ಅದು ಹಾಗೇ ಇರ್ಬೇಕು,” ಎಂದು ತಾಯಿ ಮಗಳು ಇಬ್ಬರೂ ಒಟ್ಟಿಗೆ ಹೇಳಿದರು.

ಮೆಕ್ಯಾನಿಕ್ ಡಿಸ್ಕಿನ ಮೇಲೆ ಬೆರಳಾಡಿಸಿದ. “ಈ ಸಲ ಮುಟ್ಟಿಲ್ಲ. ಬುದ್ಧಿ ಬಂದಿತ್ತು ಇವನಿಗೆ.” ಚಕ್ರವನ್ನು ಗೋಡೆಗೆ ಒರಗಿಸಿದ. “ಆಕ್ಸಲ್ ಬೇಕು. ಚಕ್ರದ ಮಧ್ಯೆ ತೂರಿಸೋ ಸರಳು.”

ಭಾವ ಡಬ್ಬಿಗಳ ಹಿಂದೆ ಹುಡುಕಿದರು. ಮಗಳು ಮಂಚದ ಕೆಳಗೆ ಹುಡುಕಿದಳು. ವ್ಯಾನಿನ ಡ್ರೈವರು ಬಾಗಿಲಿಗೆ ಬಂದು, ತಡವಾದರೆ ಸ್ಮಶಾನದ ಹೊತ್ತು ತಪ್ಪುತ್ತದೆ ಎಂದ. ಮಗಳು ಕಪಾಟಿನ ಬಟ್ಟೆಗಳನ್ನೆಲ್ಲ ಹೊರಗೆಳೆಯುತ್ತಿರುವಾಗ ಅವಳು ತಡೆಯಲಾರದೆ ಹೇಳಿದಳು.

“ಫ್ರೀಜರ್‌ನಲ್ಲಿದೆ.”

ಎಲ್ಲರೂ ಅವಳ ಮುಖ ನೋಡಿದರು.

“ತಣ್ಣಗಾದ್ರೆ ಒಂದು ಕೂದಲಷ್ಟು ಸಣ್ಣಗಾಗುತ್ತಂತೆ, ಸುಲಭವಾಗಿ ಹೋಗುತ್ತಂತೆ. ನಂಗೇನು ಗೊತ್ತು. ಬಟಾಣಿ ಚೀಲದ ಕೆಳಗೆ ನೋಡಿ.”

ಸರಳು ಸಿಕ್ಕಿತು. ಭಾವ ಬೈಕಿನ ಮೂತಿಯನ್ನು ಎತ್ತಿ ಹಿಡಿದರು. ಸರಳು ಮೆಕ್ಯಾನಿಕ್‌ನ ಕೈಗೆ ಚಳಿ ಹಿಡಿಸುತ್ತ ಚಕ್ರದೊಳಗೆ ನಿಜಕ್ಕೂ ಸಲೀಸಾಗಿ ಹೋಯಿತು. ಚಕ್ರ ಹಿಡಿಯುವ ಫೋರ್ಕಿನಿಂದ ತಂತಿ ಕಟ್ಟಿ ತೂಗುಹಾಕಿದ್ದ, ಡಿಸ್ಕನ್ನು ಅದುಮಿ ಹಿಡಿಯುವ ಬ್ರೇಕಿನ ಇಕ್ಕುಳವನ್ನು ಅದರ ಮೇಲೆ ಕೂರಿಸಿ ಬೋಲ್ಟು ಬಿಗಿದ. ಹಿಡಿಯನ್ನು ಒಂದೆರಡು ಸಲ ಒತ್ತಿದ. ಗಟ್ಟಿಯಾಗಿಯೇ ಇತ್ತು.

“ಸರಿ, ತಳ್ಳಿ.”

ಭಾವ ಹ್ಯಾಂಡಲ್ ಹಿಡಿದರು, ಮೆಕ್ಯಾನಿಕ್ ಹಿಂದಿನಿಂದ ತಳ್ಳಿದ. ಹೊಸ್ತಿಲು ದಾಟಿ, ಮೆಟ್ಟಿಲು ಇಳಿದು, ಬೈಕು ಬೀದಿಗೆ ಬಂತು. ಬೀದಿ ವ್ಯಾನಿನ ಕಡೆಗೆ ಇಳಿಜಾರು. ಗಾಲಿ ತಾನಾಗಿ ಉರುಳತೊಡಗಿದ್ದೇ ಭಾವ ಗಾಬರಿಯಾಗಿ ಮುಂದಿನ ಬ್ರೇಕನ್ನು ಅದುಮಿ ಹಿಡಿದರು.

ಬೈಕು ಕಿರುಚಿಕೊಂಡಿತು. ಉಕ್ಕಿಗೆ ಉಕ್ಕು ತಿಕ್ಕುವ ಸದ್ದು. ಹಲ್ಲು ಜುಮ್ಮೆಂದು ಎಲ್ಲರೂ ಕಿವಿ ಮುಚ್ಚಿಕೊಂಡರು. ಹಾಗೆ ಕಿರುಚುತ್ತಲೇ, ನಿಲ್ಲುವ ಮನಸ್ಸಿಲ್ಲದೆ ಜಾರುತ್ತ ಹೋಗಿ, ವ್ಯಾನಿನ ಹಿಂಬಾಗಿಲಿಗೆ ಮೂತಿ ತಾಗಿಸಿ ನಿಂತಿತು.

ಮೆಕ್ಯಾನಿಕ್ ಓಡಿಬಂದು ಮಂಡಿಯೂರಿ, ಫೋನಿನ ಬೆಳಕು ಹಿಡಿದು ಇಕ್ಕುಳದ ಸಂದಿಯಲ್ಲಿ ಕಣ್ಣಿಟ್ಟ. ಬಹಳ ಹೊತ್ತು ಮೇಲೇಳಲಿಲ್ಲ.

“ಏನು?” ಎಂದಳು ಅವಳು.

“ಏನಿಲ್ಲ ಅತ್ತಿಗೆ. ಕೂರಿಸುವಾಗ ನಾನು ನೋಡ್ಬೇಕಿತ್ತು.”

“ಏನು ಅಂತ ಹೇಳಿ.”

“ಇಕ್ಕುಳದ ಒಳಗಿನ ಪ್ಯಾಡು,” ಎಂದ ಅವನು, ಅವಳ ಕಡೆ ನೋಡದೆ. “ಉಲ್ಟಾ ಹಾಕಿದಾನೆ. ಹಿಡಿಯೋ ಮೈ ಹಿಂದಕ್ಕೆ ಹೋಗಿದೆ, ಉಕ್ಕಿನ ಬೆನ್ನು ಡಿಸ್ಕಿಗೆ ಉಜ್ತಾ ಇದೆ.”

*

ಹೋದ ವಾರ ಅವಳು ಒಗೆದ ಬಟ್ಟೆ ಮಡಿಸುತ್ತಿದ್ದಾಗ ಅವನು ಬಂದು ಬಾಗಿಲಿಗೆ ಒರಗಿ ನಿಂತಿದ್ದ. ಉಗುರಿನ ಸಂದಿಯಲ್ಲಿ ಗ್ರೀಸಿತ್ತು.

“ಬ್ರೇಕು ಮುಗೀತು.”

“ಸಂತೋಷ.”

“ಚಕ್ರ ಒಂದು ಹಾಕ್ಬಿಟ್ರೆ ಆಯ್ತು. ಭಾನುವಾರದೊಳಗೆ ಹಾಕ್ತೀನಿ.”

ಅವಳು ದಿಂಬಿನ ಚೀಲವನ್ನು ಮಡಿಸಿ, ಇನ್ನೊಮ್ಮೆ ಮಡಿಸಿದಳು. ಅವನು ಹೋಗಲಿಲ್ಲ.

“ಸೇತುವೆವರೆಗೆ ಹೋಗಿ ಬರೋಣ್ವಾ? ನಿಧಾನಕ್ಕೆ. ಸೈಕಲ್ಲಿನವರೂ ನಮ್ಮನ್ನ ಹಿಂದೆ ಹಾಕಿ ಹೋಗ್ಬೇಕು, ಅಷ್ಟು ನಿಧಾನ.”

ಇಷ್ಟು ವರ್ಷ ಆ ಪ್ರಶ್ನೆಗೆ ಅವಳು ಉತ್ತರ ಕೊಡದೆ ಎದ್ದು ಹೋಗುತ್ತಿದ್ದಳು. ಅಂದು ಯಾಕೋ ಏಳಲಿಲ್ಲ. ಅವನ ಕೂದಲಲ್ಲಿ ಕೆಂಪು ಬಣ್ಣದ ಒಂದು ಹನಿ ಒಣಗಿ ಅಂಟಿತ್ತು. ಬ್ರೇಕಿನ ಇಕ್ಕುಳಕ್ಕೂ ಬಣ್ಣ ಹೊಡೆದಿದ್ದ ಅಂತ ಕಾಣುತ್ತದೆ.

“ನೋಡೋಣ,” ಎಂದಳು.

ಅವನು ಮತ್ತೇನೂ ಕೇಳದೆ ಹೊರಟುಹೋದ. ಅವಳ ಬಾಯಲ್ಲಿ ‘ನೋಡೋಣ’ ಎಂದರೆ ಏನೆಂದು ಅವನಿಗೆ ಗೊತ್ತಿತ್ತು. ಪ್ಯಾಸೇಜಿನಲ್ಲಿ ಸಿಳ್ಳೆ ಹಾಕುತ್ತಿದ್ದದ್ದು ಅವಳಿಗೆ ಕೇಳಿಸಿತು.

*

“ಉಲ್ಟಾ,” ಎಂದಳು ಅವಳು.

“ಹೌದು ಅತ್ತಿಗೆ.”

“ಅಂದ್ರೆ ಈ ಮನುಷ್ಯ ಮತ್ತೆ ನನ್ನನ್ನ ಹಿಂದೆ ಕೂರಿಸ್ಕೊಂಡು...”

ಮೆಕ್ಯಾನಿಕ್ ಫೋನಿನ ಬೆಳಕು ಆರಿಸಿದ.

“ನಾನು ಕೂರ್ತಿದ್ದೆ,” ಎಂದಳು. “ಚಕ್ರ ಹಾಕಿದ್ದಿದ್ರೆ ಮೊನ್ನೆ ಭಾನುವಾರ ನಾನು ಕೂರ್ತಿದ್ದೆ. ಇಷ್ಟು ವರ್ಷ ಮನೇನೆಲ್ಲ ಬಿಚ್ಚಿ ಹರಡ್ಕೊಂಡು, ಯಾರ ಮಾತೂ ಕೇಳ್ದೆ, ಊಟ ತಣ್ಣಗಾಗಿಸ್ಕೊಂಡು, ನಿದ್ದೆ ಬಿಟ್ಟು. ಒಂದು ಪ್ಯಾಡು. ಯಾವ ಕಡೆ ಬೆನ್ನು, ಯಾವ ಕಡೆ ಮುಖ ಅಂತ ನೋಡೋಕೆ ಆಗ್ಲಿಲ್ವಾ ಈ ಮನುಷ್ಯನಿಗೆ?”

ನಿನ್ನೆ ಬೆಳಿಗ್ಗೆಯಿಂದ ಡಾಕ್ಟರು ಬಂದಾಗ, ಬಟ್ಟೆ ಉಡಿಸುವಾಗ, ಮಗಳು ಬಿಕ್ಕಿದಾಗ, ಯಾವಾಗಲೂ ಬಾರದಿದ್ದ ಅಳು ಈಗ ನುಗ್ಗಿ ಬಂತು. ಅವಳು ನಡುಬೀದಿಯಲ್ಲಿ ನಿಂತು, ಮುಷ್ಟಿ ಬಿಗಿದು, ಬೈಕಿನ ಸೀಟಿಗೆ ಗುದ್ದಿದಳು. ಮತ್ತೊಮ್ಮೆ ಗುದ್ದಿದಳು. ಚಿಕ್ಕತ್ತೆ ಓಡಿಬಂದು ತಬ್ಬಿಕೊಂಡು, “ಅತ್ತುಬಿಡು ತಾಯಿ, ಅತ್ತುಬಿಡು. ಎಂಥಾ ಗಂಡ,” ಎಂದರು. ಅಕ್ಕಪಕ್ಕದ ಹೆಂಗಸರೂ ಕಣ್ಣೊರೆಸಿಕೊಂಡರು.

“ನಿಮಗೆ ಗೊತ್ತಾಗಲ್ಲ ಚಿಕ್ಕತ್ತೆ,” ಎಂದಳು ಅವಳು, ಬಿಡಿಸಿಕೊಳ್ಳಲು ನೋಡುತ್ತ. “ಉಲ್ಟಾ ಹಾಕಿದಾರೆ.”

“ಗೊತ್ತು ತಾಯಿ, ಎಲ್ಲ ಉಲ್ಟಾ ಆಗೋಯ್ತು,” ಎಂದು ಚಿಕ್ಕತ್ತೆ ಅವಳನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡರು.

ಆ ತೋಳುಗಳ ನಡುವಿನಿಂದಲೇ ಅವಳು ನೋಡಿದಳು. ತೆರವಾದ ಪ್ಯಾಸೇಜಿನಲ್ಲಿ ಪೆಟ್ಟಿಗೆ ಎಲ್ಲೂ ತಾಗದೆ, ನೇರವಾಗಿ, ಹೊರಗೆ ಬರುತ್ತಿತ್ತು.

ಸ್ಮಶಾನದಲ್ಲಿ ಮಣ್ಣು ಹಾಕಿದ ಮೇಲೆ ಬಣ್ಣದ ಅಂಗಡಿಯ ಯಜಮಾನರು ಹತ್ತಿರ ಬಂದರು. ಹೇಳಬೇಕಾದದ್ದನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದು, ಈಗ ಮರೆತವರಂತೆ ಕಂಡರು.

“ಹೋದ ವಾರವೆಲ್ಲ ಖುಷಿಯಾಗಿದ್ರಮ್ಮ. ಬಂದ ಗಿರಾಕಿಗಳಿಗೆಲ್ಲ ಹೇಳೋರು, ಭಾನುವಾರ ಮನೆಯವರ ಜೊತೆ ಸವಾರಿ ಇದೆ ಅಂತ. ನಾಳೆ ಸಾಹೇಬ್ರು ಭಾನುವಾರ ಅಂತಿದಾರಲ್ಲ ಅಂತ ನಾವೆಲ್ಲ ತಮಾಷೆ ಮಾಡ್ತಿದ್ವಿ.” ಆಮೇಲೆ, “ಹೋಗಿ ಬಂದ್ರಾ?” ಎಂದರು.

“ಇಲ್ಲ,” ಎಂದಳು ಅವಳು. “ಚಕ್ರ ಹಾಕೋದು ಮುಗೀಲಿಲ್ಲ.”

ಗೇಟಿನ ಹತ್ತಿರ ಮೆಕ್ಯಾನಿಕ್ ಕಾಯುತ್ತಿದ್ದ. ಇಸ್ತ್ರಿ ಬಟ್ಟೆಯ ಮಂಡಿಗಳು ಎಣ್ಣೆ ಮಣ್ಣಾಗಿದ್ದವು.

“ಬೀದೀಲಿ ನಿಲ್ಲಿಸೋದು ಬೇಡ ಅಂತ ಗಾಡೀನ ಗ್ಯಾರೇಜಿಗೆ ತಳ್ಳಿಸಿದೀನಿ ಅತ್ತಿಗೆ. ಮಾರೋದಾದ್ರೆ ಹೇಳಿ. ಇಲ್ಲಾಂದ್ರೆ ಅಲ್ಲೇ ಇರುತ್ತೆ, ಏನೂ ತೊಂದರೆ ಇಲ್ಲ.”

ಅವಳು ಯೋಚಿಸಿದಳು. ಸಿಟ್ಟು ಇನ್ನೂ ಎದೆಯಲ್ಲಿ ಹಾಗೇ ಕೂತಿತ್ತು, ನುಂಗಿದರೆ ಇಳಿಯದೆ, ಉಗಿದರೆ ಬಾರದೆ.

“ಪ್ಯಾಡು ತಿರುಗಿಸಿ ಹಾಕಿ,” ಎಂದಳು. “ಬೇರೆ ಏನನ್ನೂ ಮುಟ್ಟಬೇಡಿ.”

ಮನೆಗೆ ಬಂದಾಗ ಸಂಜೆಯ ಬಿಸಿಲು ತೆರೆದ ಬಾಗಿಲಿನಿಂದ ಪ್ಯಾಸೇಜಿನ ತುದಿಯವರೆಗೂ ಬಿದ್ದಿತ್ತು. ನೆಲದ ಮೇಲೆ ಎಣ್ಣೆಯ ಕಲೆಗಳು, ಡಬ್ಬಿಗಳಿದ್ದಲ್ಲಿ ದುಂಡಗಿನ ಗುರುತುಗಳು. ಗೋಡೆಯಿಂದ ಗೋಡೆಗೆ ಖಾಲಿ. ಅವಳು ಚಪ್ಪಲಿ ಬಿಟ್ಟು, ಕೈಚೀಲವನ್ನು ಎದೆಯೆತ್ತರಕ್ಕೆ ಎತ್ತಿ ಹಿಡಿದು, ಹೊಟ್ಟೆಯನ್ನು ಒಳಗೆಳೆದುಕೊಂಡು, ಗೋಡೆಗೆ ಬೆನ್ನು ಒತ್ತಿ, ಅಡ್ಡಡ್ಡವಾಗಿ ಹೆಜ್ಜೆಯಿಡುತ್ತ ಒಳಗೆ ನಡೆದಳು. ಅವಳ ಹಿಂದೆ ಮಗಳೂ ಹಾಗೆಯೇ, ಅಡ್ಡವಾಗಿ.