ಅಂಗಳದ ಕೊಳಕ್ಕೆ ಯಾವ ಮೀನು

ಅರಸೀಕೆರೆಯ ಕೊಬ್ಬರಿ ವ್ಯಾಪಾರಿ ಗಂಗಾಧರಯ್ಯನವರ ಹೆಂಡತಿ ಶಾಂತಾದೇವಿ ಮದುವೆಯಾಗಿ ಬಂದ ಮೇಲೆ ತನಗಾಗಿ ಬಾಯಿಬಿಟ್ಟು ಕೇಳಿದ್ದು ಒಂದೇ ಒಂದು: ಅಂಗಳದಲ್ಲೊಂದು ಕೊಳ. ಚಿನ್ನ ಕೇಳಿದ್ದರೆ ಆ ಮಹಾನುಭಾವರು ಗೊಣಗಿಕೊಂಡಾದರೂ ಕೊಡಿಸುತ್ತಿದ್ದರು. ನೀರು ಕೇಳಿದ್ದಕ್ಕೆ ಮನೆಯೇ ಮುಳುಗಿದವರ ಹಾಗೆ ಆಡಿದರು.

ನಲವತ್ತು ವರ್ಷ ಆ ಅಂಗಳದಲ್ಲಿ ಇದ್ದದ್ದು ತೆಂಗಿನ ಸಿಪ್ಪೆ ಮತ್ತು ಚಿಪ್ಪಿನ ರಾಶಿ. ಹೋದ ವರ್ಷ ಮಗ ರಾಜಶೇಖರ್ ವ್ಯಾಪಾರವನ್ನು ಮಂಡಿ ಹತ್ತಿರದ ಶೆಡ್ಡಿಗೆ ಸಾಗಿಸಿದ ಮೇಲೆ ಮೊದಲ ಸಲ ನೆಲ ಕಂಡಿತು. ಕಂಡದ್ದೇ ತಡ, ಶಾಂತಾದೇವಿ ನಾಲ್ಕು ಗೂಟ ಹೊಡೆದು ದಾರ ಕಟ್ಟಿಬಿಟ್ಟರು. ಹತ್ತಡಿ ಉದ್ದ, ಆರಡಿ ಅಗಲ. ಒಂದು ಮೂಲೆಗೆ ತಾವರೆ, ಇನ್ನೊಂದಕ್ಕೆ ನೈದಿಲೆ, ನಡುವೆ ಮೀನು. ತೆಂಗಿನ ಗರಿ ಬೀಳದ ಜಾಗ, ಮಧ್ಯಾಹ್ನದ ತನಕ ಬಿಸಿಲು. ಎಲ್ಲವನ್ನೂ ಯೋಚಿಸಿದ್ದರು. ಗಂಡನೊಬ್ಬನನ್ನು ಬಿಟ್ಟು.

ತಾವರೆಗೆ ಗಂಗಾಧರಯ್ಯನವರ ಅಡ್ಡಿಯಿರಲಿಲ್ಲ, ಶಿವನ ತಲೆಗೆ ಏರುವ ಹೂವು. ಮೀನು ಅಂದಕೂಡಲೇ ಕಿವಿ ಮುಚ್ಚಿಕೊಂಡರು. ಮಠದ ಸ್ವಾಮಿಗಳ ಪಾದಪೂಜೆ ನಡೆದ ಮನೆ ಇದು, ಮೊಟ್ಟೆ ಬೆರೆಸಿದ ಕೇಕು ಕೂಡ ಹೊಸಿಲು ದಾಟಿಲ್ಲ, ಅಂಗಳದಲ್ಲಿ ಮೀನು ಸಾಕಿದರೆ ಊರಿನವರು ಸಾರಿಗೆ ಅಂತಲೇ ತಿಳಿಯುತ್ತಾರೆ, ಎಂದರು. ಮೀನಿಲ್ಲದ ನೀರು ಸೊಳ್ಳೆಗೆ ಹೆರಿಗೆ ಆಸ್ಪತ್ರೆ. ಅಂದರೆ ಮೀನು ಬೇಡವೆಂದರೆ ಕೊಳವೇ ಬೇಡವೆಂದ ಹಾಗೆ. ಅದು ಗಂಡನಿಗೂ ಚೆನ್ನಾಗಿ ಗೊತ್ತು ಎನ್ನುವುದು ಶಾಂತಾದೇವಿಗೆ ಗೊತ್ತಿತ್ತು.

ಆದರೂ ಛಲ ಬಿಡದೆ ಹಳೇಬೀಡಿನಿಂದ ಸುನಿಲ್ ಎಂಬುವವನನ್ನು ಕರೆಸಿದರು. ರೆಸಾರ್ಟುಗಳಿಗೆ ಕೊಳ ಕಟ್ಟಿಕೊಟ್ಟು ಮೀನುಮರಿ ಮಾರುವವನು. ಭಾನುವಾರ ಬೆಳಿಗ್ಗೆ ಬಂದು ಅಂಗಳವನ್ನು ಎರಡು ಸುತ್ತು ಹಾಕಿದ. ಅಂಚಿನಲ್ಲಿ ಒಂದಡಿ ಆಳದ ಮೆಟ್ಟಿಲು ಮಾಡಿ ತಾವರೆಯನ್ನು ಕೆರೆಮಣ್ಣಿನ ಕುಂಡದಲ್ಲಿಡೋಣ, ನಡುವೆ ಮೂರಡಿ ತೋಡೋಣ, ಬೇಸಿಗೆಯಲ್ಲಿ ಮೀನು ತಂಪಿಗೆ ಅಲ್ಲಿಗಿಳಿಯುತ್ತವೆ ಎಂದ. ಶಾಂತಾದೇವಿಗೆ ನೀರು ಆಗಲೇ ತುಂಬಿದಷ್ಟು ಖುಷಿಯಾಯಿತು. ಗಂಗಾಧರಯ್ಯ ಜಗಲಿಯ ಕುರ್ಚಿಯಲ್ಲಿ ಪೇಪರು ಅಡ್ಡ ಹಿಡಿದು ಕೂತಿದ್ದರು. ಈ ಪಾಪದ ಮಾತುಕತೆಗೂ ತನಗೂ ಸಂಬಂಧವಿಲ್ಲ ಎಂದು ಊರಿಗೇ ಕಾಣಬೇಕಿತ್ತು.

ಚಿನ್ನದ ಮೀನು ನಾಜೂಕು, ಮಿಂಚುಳ್ಳಿಯ ಕಣ್ಣಿಗೂ ಬೇಗ ಬೀಳುತ್ತದೆ, ಅದರ ಬದಲು ಗೆಂಡೆ ಮರಿ ಹಾಕಿ ಅಮ್ಮ, ಕಲ್ಲಿನಂಥ ಗಟ್ಟಿ ಮೀನು, ಎಂದ ಸುನಿಲ್.

"ಗೆಂಡೆ ಯಾಕ್ಲಾ ಹಾಕ್ತೀಯಾ? ಬರೀ ಮುಳ್ಳು," ಅಂದಿತು ಪೇಪರು. "ಬಾಲದ ಕಡೆ ಅಂತೂ ಬಾಯಿಗಿಡೋಕೇ ಆಗಲ್ಲ."

ಸುನಿಲ್ ಪಾಪ, ಕಸುಬಿನವನು. ಹೌದು ಯಜಮಾನ್ರೇ, ಮುಳ್ಳು ಸ್ವಲ್ಪ ಜಾಸ್ತಿನೇ, ಎಂದು ಒಪ್ಪಿಕೊಂಡ. ಶಾಂತಾದೇವಿ ಪೇಪರಿನ ಕಡೆ ತಿರುಗಿದರು. ಆಮೇಲೆ ಸುನಿಲನಿಗೆ ಕಾಫಿ ಕೊಟ್ಟು, ಯಾವ ಮೀನೆಂದು ಫೋನ್ ಮಾಡಿ ಹೇಳುತ್ತೇನೆ ಎಂದು ಕಳಿಸಿದರು.

ಪೇಪರು ಕೆಳಗಿಳಿಯಲು ಅರ್ಧ ಗಂಟೆ ಹಿಡಿಯಿತು. ಇಳಿದ ಮೇಲೆ ಕಳ್ಳನ ಬಾಯಿಂದ ಸತ್ಯ ತುಂಡುತುಂಡಾಗಿ ಹೊರಬಿತ್ತು. ತಿಂಗಳಿಗೊಂದು ಸೋಮವಾರ ಗಂಗಾಧರಯ್ಯ ಜಾವಗಲ್ ಮೇಲೆ ಹೋಗುವ ಬಸ್ಸು ಹತ್ತಿ ಹಳೇಬೀಡಿನ ಈಶ್ವರನ ದರ್ಶನಕ್ಕೆ ಹೋಗುತ್ತಿದ್ದರು. ಇಪ್ಪತ್ತೆಂಟು ವರ್ಷದ ಹರಕೆ. ದರ್ಶನ ಸುಳ್ಳಲ್ಲ. ದರ್ಶನವಾದ ಮೇಲೆ ಟವೆಲಿನಲ್ಲಿ ಹಣೆಯ ವಿಭೂತಿ ಒರೆಸಿಕೊಂಡು ಕೆರೆ ಏರಿಯ ಪಕ್ಕದ ತಗಡಿನ ಹೋಟೆಲಿಗೆ ಹೋಗುವುದು, ಮೀನುಸಾರು ಉಂಡು ಬಾಯಿ ಮುಕ್ಕಳಿಸಿ, ಎಲಡಿಕೆ ಹಾಕಿ, ಮತ್ತೆ ವಿಭೂತಿ ಬಳಿದುಕೊಂಡು ಬಸ್ಸು ಹತ್ತುವುದು. ದೇವರಿಗಿಂತ ಮೊದಲು ಒಂದು ದಿನವೂ ಹೋಟೆಲಿಗೆ ಹೋಗಿಲ್ಲ ಎನ್ನುವುದನ್ನು ಎರಡು ಸಲ ಒತ್ತಿ ಹೇಳಿದರು, ಅದಕ್ಕೊಂದು ಹಾರ ಹಾಕಬೇಕು ಎನ್ನುವವರ ಹಾಗೆ.

ಶಾಂತಾದೇವಿಗೆ ಉರಿದದ್ದು ಮೀನಿಗಲ್ಲ. ಯಾರು ಏನು ತಿಂದರೂ ಅವರವರ ಹೊಟ್ಟೆ. ಆ ಸೋಮವಾರಗಳಂದು ಗಂಡ ಉಪವಾಸ ಹೊರಟಿದ್ದಾರೆಂದು ಇವರೂ ಮನೆಯಲ್ಲಿ ಉಪವಾಸ ಕೂರುತ್ತಿದ್ದರು. ಜ್ವರ ಬಂದಾಗಲೂ ತಪ್ಪಿಸಿದವರಲ್ಲ. ಮಗಳು ಹೊಟ್ಟೆಯಲ್ಲಿದ್ದಾಗ ಅತ್ತೆ ಬೇಡವೆಂದರೂ ಕೇಳಿರಲಿಲ್ಲ. ಬಸ್ಸು ಬರುವ ಮೂರು ಗಂಟೆಯವರೆಗೆ ತೊಟ್ಟು ನೀರು ಕುಡಿಯದೆ ಬಾಗಿಲು ನೋಡಿದ್ದನ್ನು ನೆನೆದು ಅವರಿಗೆ ಅವಮಾನವಾಯಿತು.

ಬೈಯಲು ಬಾಯಿ ತೆರೆದರೆ, ತಾವೇ ಅಂದುಕೊಂಡಿರದ ಪ್ರಶ್ನೆಯೊಂದು ಹೊರಬಂತು.

"ಹೆಂಗಿರ್ತದ್ರೀ ಅದು?"

ಗಂಗಾಧರಯ್ಯ ತಲೆ ಎತ್ತಿದರು. ಸುಳ್ಳು ಹೇಳುವುದಕ್ಕೆ ಅದಕ್ಕಿಂತ ಒಳ್ಳೆಯ ಗಳಿಗೆ ಜನ್ಮದಲ್ಲೇ ಸಿಗುತ್ತಿರಲಿಲ್ಲ. ಒಂದಿಷ್ಟೂ ಚೆನ್ನಾಗಿರಲ್ಲ ಎಂದಿದ್ದರೆ ಮುಗಿದಿತ್ತು. ಇಪ್ಪತ್ತೆಂಟು ವರ್ಷ ಸುಳ್ಳಿನಲ್ಲೇ ಬಾಳಿದ ಮನುಷ್ಯನಿಗೆ ಆಗಲೇ ನಿಜ ಹೇಳುವ ಹುಚ್ಚು ಹಿಡಿಯಿತು.

"ಚೆನ್ನಾಗಿರ್ತದೆ ಕಣೇ. ಬಿಸಿ ಮುದ್ದೆ ಜೊತೆ."

ಮೀನನ್ನು ಹೇಗೋ ನುಂಗಿಕೊಂಡಿದ್ದ ಶಾಂತಾದೇವಿಗೆ ಆ ಬಿಸಿ ಮುದ್ದೆ ಗಂಟಲಲ್ಲಿ ಇಳಿಯಲಿಲ್ಲ. ಬೆಳಿಗ್ಗೆ ತಿರುವಿಟ್ಟು ಮೂರು ಗಂಟೆಗೆ ತಾವು ಉಣ್ಣುತ್ತಿದ್ದದ್ದು ಆರಿ ಗಟ್ಟಿಯಾದ ಮುದ್ದೆ. ಎದ್ದು ಅಂಗಳಕ್ಕಿಳಿದರು. ಗೇಟಿನ ಕಡೆಯ ಎರಡು ಗೂಟಗಳನ್ನು ಹಾಗೇ ಬಿಟ್ಟು, ಜಗಲಿಯ ಕಡೆಯ ಎರಡನ್ನು ಕಿತ್ತು, ಗಂಡನ ಕುರ್ಚಿಯ ಕಾಲಿನಿಂದ ಒಂದೇ ಮಾರು ದೂರಕ್ಕೆ ತಂದು ಬಡಿದರು. ಹತ್ತಡಿ ಇದ್ದದ್ದು ಇಪ್ಪತ್ತಡಿಯಾಯಿತು; ದಾರ ಸಾಲದೆ ಇನ್ನೊಂದು ತುಂಡು ಗಂಟು ಹಾಕಿದರು. ಅಲ್ಲಿ ಕೂತು ಪೇಪರು ಬಿಡಿಸಿದರೆ ಇನ್ನು ಮೀನಿನ ಮುಖವನ್ನೇ ನೋಡಬೇಕು.

ಗಂಗಾಧರಯ್ಯ ಊರಿನ ಮಾತನ್ನಾಗಲಿ, ಮಠದ ಮಾತನ್ನಾಗಲಿ ಎತ್ತಲಿಲ್ಲ. ಮೆಟ್ಟಿಲಿಳಿದು ಬಂದು, ನೆಲದ ಮೇಲೆ ಬಿದ್ದಿದ್ದ ದಾರದ ಇನ್ನೊಂದು ತುದಿಯನ್ನು ಎತ್ತಿಕೊಂಡು ನಿಂತರು.

"ಎಳೆದು ಹಿಡೀರಿ," ಎಂದರು ಶಾಂತಾದೇವಿ. "ಜೋಲ್ತಾ ಐತೆ."