ಅತ್ತಿಗೆ ಹಾಕಿದ ಚಕ್ರ

ಬಿಸಿಲಿಗೆ ರನ್‌ವೇ ನೀರಿನ ಹಾಗೆ ಅಲುಗಾಡುತ್ತಿದೆ, ಆಚೆ ಗಾಳಿಯ ದಿಕ್ಕು ತೋರುವ ಚೀಲ ಸೋತು ಜೋತುಬಿದ್ದಿದೆ, ಪಕ್ಕಗಾಳಿ ಇಲ್ಲ, ಸದ್ಯ, ಅಷ್ಟಾದರೂ ಪುಣ್ಯ — ಮೇಲೆ ವಿಮಾನ ಇನ್ನೊಂದು ಸುತ್ತು ಹೊಡೆಯಿತು, ಇಂಧನ ಉರಿದು ಹಗುರವಾಗಲಿ ಅಂತ ನಲವತ್ತು ನಿಮಿಷದಿಂದ ಸುತ್ತುತ್ತಲೇ ಇದೆ, ಒಳಗೆ ಅರವತ್ತೆರಡು ಜನ, ಎಡಗಾಲಿನ ಹೊರಚಕ್ರದಲ್ಲಿ ಒಂದು ಬಳೆ ಇಲ್ಲ. ಬಳೆ ಅಂದರೆ ನಮ್ಮ ಹ್ಯಾಂಗರಿನ ಭಾಷೆ, ಚಕ್ರಕ್ಕೂ ನಟ್ಟಿಗೂ ನಡುವೆ ಕೂರುವ ಉಕ್ಕಿನ ಉಂಗುರ, ಅದಿಲ್ಲದಿದ್ದರೆ ಚಕ್ರ ಅಚ್ಚಿನ ಮೇಲೆ ಒಳಕ್ಕೂ ಹೊರಕ್ಕೂ ಸರಿದಾಡುತ್ತದೆ, ಒಂದು ಸಲ ಇಳಿಯುವ ಹೊಡೆತ ತಾಳೀತು, ತಾಳದೆಯೂ ಇದ್ದೀತು. ಅತ್ತಿಗೆ ನನ್ನ ಪಕ್ಕದಲ್ಲೇ ನಿಂತಿದ್ದಾರೆ, ಮೇಲಂಗಿಯ ತೋಳು ಮಡಚಿ, ಕಣ್ಣು ಕಿರಿದು ಮಾಡಿ. ಮನೆಯಲ್ಲಿ ಅಣ್ಣನ ಹೆಂಡತಿ, ಇಲ್ಲಿ ನನಗೆ ಸ್ಪ್ಯಾನರ್ ಹಿಡಿಯುವುದನ್ನು ಕಲಿಸಿದವರು, ಪರೀಕ್ಷೆ ಪಾಸಾಗಿ ತನಿಖೆಗಾರನಾದವನು ನಾನು, ಅವರು ಮಾಡಿದ್ದನ್ನು ನೋಡಿ ಸಹಿ ಹಾಕಬೇಕಾದವನು, ಆವತ್ತು ಎಷ್ಟು ನಕ್ಕಿದ್ದರು, ಇನ್ಮೇಲೆ ನೀನು ನಂಗೆ ಸಾಹೇಬ ಕಣೋ, ಊಟಕ್ಕೆ ಕರೆದಾಗ ಮಾತ್ರ ಮೈದುನ. ಅವರು ಬಿಚ್ಚಿದ್ದನ್ನೆಲ್ಲ ಬಟ್ಟೆಯ ಮೇಲೆ ಸಾಲಾಗಿ ಇಡುತ್ತಾರೆ, ಅಡುಗೆಗೆ ಕೂತವರು ತರಕಾರಿ ಇಡುವ ಹಾಗೆ, ಬೆಳಗ್ಗೆ ಈ ವಿಮಾನದ ಚಕ್ರ ಬದಲಿಸುವಾಗಲೂ ಇಟ್ಟಿದ್ದರು, ನಡುವೆ ಯಾರೋ ಓಡಿಬಂದರು, ಆಚೆ ವಿಮಾನದ ಬ್ರೇಕಲ್ಲಿ ಎಣ್ಣೆ ಸೋರ್ತಿದೆ, ಸ್ವಲ್ಪ ಬನ್ನಿ, ಹೋದರು, ಬಂದರು, ಹೊಸ ಚಕ್ರ ಹಾಕಿದರು, ಬಳೆ ಮಾತ್ರ ಹಳೆಯ ಚಕ್ರದೊಳಗೆ ಗ್ರೀಸಿಗೆ ಅಂಟಿಕೊಂಡು ಬಟ್ಟೆಯ ಮೇಲೆ ಬಂದೇ ಇರಲಿಲ್ಲ. ನಾನೋ — ಬಗ್ಗಲಿಲ್ಲ, ನಿಂತಲ್ಲೇ ಸಹಿ ಹಾಕಿದೆ, ಅತ್ತಿಗೆ ಹಾಕಿದ ಚಕ್ರಕ್ಕೆ ಕಣ್ಣುಮುಚ್ಚಿ ಸಹಿ ಹಾಕಬಹುದು ಅಂತ ಇಲ್ಲಿ ಮಾತೇ ಇದೆ, ನಾನು ನಿಜವಾಗಿಯೂ ಮುಚ್ಚಿದೆ, ಇಷ್ಟು ವರ್ಷ ಅವರನ್ನು ಮೆಚ್ಚಿದ್ದೆಲ್ಲ ಸೋಮಾರಿತನವೇ ಇರಬೇಕು, ನಿಜವಾಗಿ ಮೆಚ್ಚಿದವನು ಬಗ್ಗಿ ನೋಡುತ್ತಿದ್ದ.

ಮಧ್ಯಾಹ್ನ, ವಿಮಾನ ಮೇಲೇರಿದ ಮೇಲೆ, ಹಳೆಯ ಚಕ್ರ ಒರೆಸುತ್ತಿದ್ದ ಅತ್ತಿಗೆ ಎದ್ದು ಬಂದರು, ಬಳೆಯನ್ನು ಟಣ್ಣಂತ ನನ್ನ ಮೇಜಿನ ಮೇಲಿಟ್ಟರು, ಇದು ಇಲ್ಲಿರಬಾರದಿತ್ತು ಅಂದರು. ನನ್ನ ಬಾಯಿಂದ ಬಂದದ್ದೇನು, ಈಗ ನೆನೆದರೂ ಮೈ ಕುಗ್ಗುತ್ತದೆ, ಸ್ವಲ್ಪ ತಾಳಿ ಅತ್ತಿಗೆ, ಬೇರೆ ಯಾವುದರದ್ದೋ ಇರಬಹುದು, ಸ್ಟೋರಲ್ಲಿ ವಿಚಾರಿಸೋಣ. ನೀನು ವಿಚಾರಿಸ್ತಾ ಕೂರು, ಅಷ್ಟರಲ್ಲಿ ಅದು ಇಳಿದಿರುತ್ತೆ — ನನ್ನದೇ ಫೋನೆತ್ತಿ ಕಂಟ್ರೋಲ್ ಟವರಿಗೆ ಮಾಡಿದರು. ಎಡಗಡೆ ಹೊರಚಕ್ರ ಹಾಕಿದ್ದು ನಾನು, ಬಳೆ ಹಾಕಿಲ್ಲ, ನನ್ನ ಕೈಲಿದೆ, ಬಲಗಾಲು ಮೊದಲು ಊರಲಿ, ಎಡಗಾಲನ್ನ ಆದಷ್ಟು ನಿಧಾನಕ್ಕೆ ಇಳಿಸಲಿ. ಟವರಿನವರು ಹೆಸರು ಕೇಳಿದರು ಅಂತ ಕಾಣುತ್ತದೆ, ಅತ್ತಿಗೆ ಹೇಳಿದರು, ಆ ಕಡೆಯವರಿಗೆ ಕೇಳಿಸಲಿಲ್ಲ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದರು, ತಪ್ಪೊಪ್ಪಿಕೊಳ್ಳುವಾಗ ಯಾರಾದರೂ ಅಕ್ಷರ ಬಿಡಿಸಿ ಹೇಳುತ್ತಾರೆಯೇ! ಮ್ಯಾನೇಜರು ಏದುಸಿರು ಬಿಡುತ್ತಾ ಬಂದ, ಯಾರದಿದು, ನಂದು ಸಾರ್ ಅಂದರು ಅತ್ತಿಗೆ, ಅದನ್ನು ಕೇಳಿದ ಮೇಲೆ ನನ್ನ ನಾಲಿಗೆಗೂ ಜೀವ ಬಂತು, ಸಹಿ ನಂದು ಸಾರ್, ನಾನು ಬಗ್ಗಿ ನೋಡಲಿಲ್ಲ. ಅತ್ತಿಗೆ ನನ್ನ ಕಡೆ ತಿರುಗಿ ನೋಡಿದರು, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಬಂದು ನಿಂತರು.

ಬರುತ್ತಿದೆ. ತಗ್ಗಿತು, ಬಲಕ್ಕೆ ವಾಲಿತು, ಬಲಗಾಲು ಊರಿತು, ಎಡ ಇನ್ನೂ ಗಾಳಿಯಲ್ಲೇ, ಮಲಗಿದ ಮಗುವಿನ ಪಕ್ಕ ಹಾಸಿಗೆಗೆ ಮೈಯಿಡುವ ತಾಯಿಯ ಹಾಗೆ, ಹಿಡಿದುಕೋ, ಇನ್ನೂ ಹಿಡಿದುಕೋ — ಎಡಗಾಲು ತಾಗಿತು, ಕಿರ್ರೆಂದು ಕಿರುಚಿತು, ಬಿಳಿ ಹೊಗೆ, ಹೊರಚಕ್ರ ಕುಡುಕನ ಹಾಗೆ ತೂರಾಡಿತು, ಬೀಳಲಿಲ್ಲ, ಬೀಳಲಿಲ್ಲ, ನಿಂತಿತು. ಅರವತ್ತೆರಡು ಜನರೂ ಇಳಿದರು, ಒಬ್ಬಾಕೆ ಚಪ್ಪಲಿ ಎಲ್ಲಿ ಅಂತ ಜಗಳವಾಡುತ್ತಿದ್ದಳು, ಆಹಾ, ಚಪ್ಪಲಿಗಾಗಿ ಜಗಳ, ಎಂಥ ಇಂಪಾದ ಜಗಳ. ಕ್ಯಾಪ್ಟನ್ ಹುಡುಕಿಕೊಂಡು ಬಂದರು, ಫೋನ್ ಮಾಡಿದ್ದು ಯಾರು? ನಾನು, ಚಕ್ರ ಹಾಕಿದ್ದೂ ನಾನೇ. ಕ್ಯಾಪ್ಟನ್ ಬೆವರು ಒರೆಸಿಕೊಂಡರು, ನೀವು ಹೇಳ್ದೇ ಇದ್ದಿದ್ರೆ ನಾನು ದಿನಾ ಇಳಿಸೋ ಹಾಗೇ ಇಳಿಸ್ತಿದ್ದೆ ಅಮ್ಮ. ವಿಚಾರಣೆ ಮುಗಿಯುವ ತನಕ ನಾಳೆಯಿಂದ ನಾವಿಬ್ಬರೂ ಕೆಲಸಕ್ಕೆ ಬರುವಂತಿಲ್ಲ ಅಂದ ಮ್ಯಾನೇಜರು, ಲೈಸೆನ್ಸು ಉಳಿಯುತ್ತದೋ ಇಲ್ಲವೋ, ಆದರೆ ಅತ್ತಿಗೆ ಅದನ್ನು ಕೇಳಿಸಿಕೊಂಡರೋ ಇಲ್ಲವೋ, ಬ್ರೇಕು ತಣ್ಣಗಾಯಿತು ಅಂತ ಅಗ್ನಿಶಾಮಕದವರು ಅಂದದ್ದೇ ತಡ ಹೋಗಿ ಟಾರಿನ ಮೇಲೆ ಮಂಡಿಯೂರಿದರು, ಚಕ್ರಕ್ಕೂ ನಟ್ಟಿಗೂ ನಡುವಿನ ಸಂದಿಗೆ ಕಿರುಬೆರಳು ತೂರಿಸಿದರು, ಹೋಯಿತು, ಸಲೀಸಾಗಿ ಹೋಯಿತು, ಉಗುರು, ಗೆಣ್ಣು, ಇನ್ನೊಂದು ಗೆಣ್ಣು — ಎಷ್ಟು ಹೊತ್ತು ಹಾಗೇ ಇಟ್ಟುಕೊಂಡಿದ್ದರು, ನನಗೆ ಬೇರೇನೂ ಕಾಣಿಸುತ್ತಿಲ್ಲ, ಆ ಸಂದಿ, ಅದರೊಳಗೆ ಕಿರುಬೆರಳು, ಗ್ರೀಸು ಮೆತ್ತಿದ ಕಿರುಬೆರಳು, ಕಿರುಬೆರಳು