ಉಷಾ ಹೆಸರಿನ ಟಿಕೆಟ್ಟು, ಮಾನಸಿ ಹೆಸರಿನ ನಾನು

ನಾನೊಂದು ಪಾಸ್‌ಪೋರ್ಟ್. ಮೂವತ್ತಾರು ಪುಟ, ನೀಲಿ ರಟ್ಟು, ಎದೆಯ ಮೇಲೆ ಬಂಗಾರದ ಬಣ್ಣದ ಸಿಂಹಗಳು. ಹುಟ್ಟಿದ್ದು ಸರ್ಕಾರಿ ಮುದ್ರಣಾಲಯದಲ್ಲಿ, ಹಾಗಾಗಿ ಸ್ವಲ್ಪ ಬಿಗುಮಾನ ಉಂಟು, ಇಲ್ಲ ಅನ್ನುವುದಿಲ್ಲ. ಮೊದಲು ಸಾವಿರಾರು ಒಡಹುಟ್ಟಿದವರ ಜೊತೆ ಕಟ್ಟಿನಲ್ಲಿ ಖಾಲಿಯಾಗಿ ಬಿದ್ದಿದ್ದೆ. ಒಂದು ದಿನ ಯಂತ್ರದ ಬಾಯಿಗೆ ಕೊಟ್ಟು ನನ್ನ ಮೇಲೆ ಒಂದು ಫೋಟೋ, ಒಂದು ಹೆಸರು ಒತ್ತಿದರು: ಮಾನಸಿ ಜಹಗೀರದಾರ. ಅಲ್ಲಿಗೆ ನನ್ನ ಹಣೆಬರಹ ಮುಗಿಯಿತು. ಯಾರು ಎಲ್ಲಿ ತೆರೆದು ನೋಡಿದರೂ ನಾನು ಅದೊಂದನ್ನೇ ಹೇಳುವುದು.

ಧಾರವಾಡದ ಮಾಳಮಡ್ಡಿಯ ಮನೆಗೆ ಅಂಚೆಯವನು ನನ್ನನ್ನು ತಂದುಕೊಟ್ಟ. ಮಾನಸಿ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದಳು. ಹವಳದ ದಿಬ್ಬದ ಮೀನುಗಳ ಬಗ್ಗೆ ಗಂಟೆಗಟ್ಟಲೆ ಪಾಠ ಮಾಡುವವಳು ಅವನ್ನು ಕಂಡದ್ದು ಸ್ಪಿರಿಟ್ ತುಂಬಿದ ಬಾಟಲಿಯಲ್ಲಿ ಮಾತ್ರ. ಕೊಲಂಬೋದ ಒಂದು ವಿಚಾರ ಸಂಕಿರಣಕ್ಕೆಂದು ನನ್ನನ್ನು ಮಾಡಿಸಿದಳು. ಸಂಕಿರಣವೇ ರದ್ದಾಯಿತು. ನಾಲ್ಕು ವರ್ಷ ರೇಷ್ಮೆ ಸೀರೆಗಳ ನಡುವೆ, ಡಾಂಬರು ಗುಳಿಗೆಯ ವಾಸನೆ ಕುಡಿಯುತ್ತಾ ಕಪಾಟಿನಲ್ಲಿ ಕಳೆದೆ. ಒಂದು ಸಿಕ್ಕಾ ಬೀಳದ ಪಾಸ್‌ಪೋರ್ಟಿನ ಸಂಕಟ ನಿಮಗೆ ತಿಳಿಯದು ಬಿಡಿ.

ಆಮೇಲೆ ಹುಬ್ಬಳ್ಳಿಯ ಅನಿರುದ್ಧ ಕಟ್ಟಿಯ ಜೊತೆ ಲಗ್ನ ನಿಶ್ಚಯವಾಯಿತು. ಹುಡುಗ ವಿಮಾ ಕಚೇರಿಯಲ್ಲಿ ಅಧಿಕಾರಿ. ದಿನಾ ಸಂಜೆ ಫೋನಿನಲ್ಲಿ ಇಬ್ಬರದೂ ಒಂದೇ ಜಪ, ಹನಿಮೂನು. ಮಾಲ್ಡೀವ್ಸಿನ ಒಂದು ಪುಟ್ಟ ದ್ವೀಪ. ಕಡಲ ನೀರಿನಲ್ಲಿ ಕಂಬ ಊರಿ ಕಟ್ಟಿದ ಮರದ ಮನೆ, ಮಂಚದ ಪಕ್ಕ ಗಾಜಿನ ನೆಲ, ಅದರ ಕೆಳಗೆ ಜೀವಂತ ಮೀನು! ಮಾನಸಿ ಆ ಮನೆಯ ಚಿತ್ರವನ್ನು ಎಷ್ಟು ಸಲ ನೋಡಿದಳೋ ಲೆಕ್ಕವಿಲ್ಲ. ಕಪಾಟಿನೊಳಗೆ ನನಗೂ ಪುಟಪುಟದಲ್ಲಿ ಪುಳಕ.

ಗಂಡಿನ ಕಡೆಯವರಲ್ಲಿ ಒಂದು ಪದ್ಧತಿ ಇದೆ. ಲಗ್ನದ ಮಂಟಪದಲ್ಲಿ ತಟ್ಟೆಗೆ ಅಕ್ಕಿ ಹರಡಿ, ವರನು ಉಂಗುರದಿಂದ ವಧುವಿಗೆ ಹೊಸ ಹೆಸರು ಬರೆಯುತ್ತಾನೆ. ಹೆಸರು ಆರಿಸಿದವರು ಅತ್ತೆ ರುಕ್ಮಿಣಿಬಾಯಿ. “ಅನಿರುದ್ಧನ ಹೆಂಡತಿ ಉಷಾ ಅಲ್ಲದ ಮತ್ಯಾರು? ಪುರಾಣದಾಗನ ಅದ!” ಎಂದರಂತೆ. ಆ ತಟ್ಟೆಯ ಪಕ್ಕದಲ್ಲೇ ಒಂದು ಲಕೋಟೆಯನ್ನೂ ಇಟ್ಟಿದ್ದರು, ವಿಮಾನದ ಟಿಕೆಟ್ಟು. ಮಂದಿಯೆಲ್ಲಾ ಚಪ್ಪಾಳೆ ತಟ್ಟಿದರು. ನಾನು ಬ್ಯಾಗಿನೊಳಗಿದ್ದೆ, ನನ್ನನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ಮೂರನೆಯ ದಿನ ಹುಬ್ಬಳ್ಳಿಯ ಮನೆಯಲ್ಲಿ ಮಾನಸಿ ಬಟ್ಟೆ ಜೋಡಿಸುತ್ತಿದ್ದಳು. ಮರುದಿನ ಸಂಜೆ ಬೆಂಗಳೂರಿನ ರೈಲು, ಅದರ ಮರುದಿನ ವಿಮಾನ. ರುಕ್ಮಿಣಿಬಾಯಿ ಖಾರ ಅವಲಕ್ಕಿ, ಶೇಂಗಾ ಚಟ್ನಿಯ ಪೊಟ್ಟಣಗಳನ್ನು ತುರುಕುತ್ತಾ, “ಅಲ್ಲಿ ಮೀನ ಬಿಟ್ಟ ಬ್ಯಾರೆ ಏನರ ಸಿಗತದೋ ಇಲ್ಲೋ” ಎಂದು ಗೊಣಗುತ್ತಿದ್ದರು. ಮಾನಸಿ ಟಿಕೆಟ್ಟನ್ನು ನನ್ನೊಳಗೆ ಇಡಲು ಹೋದಳು, ಹಾಗೇ ನಿಂತಳು. ಟಿಕೆಟ್ಟಿನ ಮೇಲೆ ಇದ್ದದ್ದು: ಉಷಾ ಕಟ್ಟಿ.

ಅಯ್ಯೋ ಪುಣ್ಯಾತ್ಮರಾ! ಅಕ್ಕಿಯ ಮೇಲಿನ ಹೆಸರಿಗೆ ವಿಮಾನ ಹಾರುತ್ತದೆಯೇ?

ಅನಿರುದ್ಧ ಏಜೆಂಟನಿಗೆ ಫೋನ್ ಮಾಡಿದ. ಆತ ಹೌಹಾರಿದ. “ಈ ಟಿಕೆಟ್ ಮ್ಯಾಲೆ ಅವರನ್ನ ಒಳಗ ಬಿಡೂದಿಲ್ರಿ ಸರ್. ಹೆಸರು ಪೂರಾ ಬದಲಿ ಮಾಡ್ಲಿಕ್ಕೂ ಬರೂದಿಲ್ಲ. ಅದ ವಿಮಾನದಾಗ ಒಂದ ಸೀಟ್ ಉಳದದ. ನಾಲ್ಕ ಗಂಟೆ ತನಕಾ ಹಿಡಕೊಂಡಿರ್ತೀನಿ. ಅಷ್ಟರಾಗ ಪಾಸ್‌ಪೋರ್ಟಿನ ಫೋಟೋ ಕಳಸ್ರಿ.” ಆಗ ಹನ್ನೊಂದೂವರೆ.

ಮಾನಸಿ ನನ್ನನ್ನು ತೆರೆಯುವಷ್ಟರಲ್ಲಿ ರುಕ್ಮಿಣಿಬಾಯಿ ಕೈಚಾಚಿದರು. “ಇಲ್ಲಿ ತಾ ಅದನ್ನ.” ಹೊಸ ಸೊಸೆ, ಕೊಟ್ಟುಬಿಟ್ಟಳು.

“ದೇವರ ಮುಂದ ಇಟ್ಟ ಹೆಸರು ಅದು. ಮೊದಲನೇ ಪ್ರಯಾಣನ ಹಳೇ ಹೆಸರಿಲೇ ಮಾಡಿದ್ರ ಶುಭ ಅಲ್ಲ. ಒಂದ ತಿಂಗಳ ಮುಂದ ಹಾಕ್ರಿ. ಪಾಸ್‌ಪೋರ್ಟಿನ್ಯಾಗೂ ಉಷಾ ಅಂತ ಮಾಡಿಸ್ರಿ, ಆಮ್ಯಾಲೆ ಸುಖವಾಗಿ ಹೋಗಿ ಬರ್ರಿ.”

ನನ್ನ ಜೀವ ಬಾಯಿಗೆ ಬಂತು. ಹೊಸ ಹೆಸರೆಂದರೆ ಹೊಸ ಪುಸ್ತಕ. ಹಳೆಯದರ ಮೂಲೆ ಕತ್ತರಿಸಿ ರದ್ದು ಮಾಡುತ್ತಾರೆ. ಸಮುದ್ರ ಹೋಗಲಿ, ಒಂದು ಹಳ್ಳವನ್ನೂ ದಾಟದೆ ನಾನು ಸಾಯುವುದೇ?

ಮಾನಸಿ ಕೈಯಲ್ಲಿದ್ದ ಟಿಕೆಟ್ಟನ್ನು ಕೆಳಗಿಟ್ಟಳು. “ಅತ್ತಿ, ಮನ್ಯಾಗ ನೀವು ಉಷಾ ಅಂತ ಕರೀರಿ, ಬ್ಯಾಡ ಅನ್ನೂದಿಲ್ಲ. ಆದ್ರ ನಾ ಓದಿದ್ದು, ಕಲಸೂದು ಎಲ್ಲಾ ಮಾನಸಿ ಅಂತನ ಅದ. ಇವತ್ತ ಪಾಸ್‌ಪೋರ್ಟ್ ಅಂತೀರಿ, ನಾಳೆ ಉಳದದ್ದೆಲ್ಲಾ ಬದಲಿ ಆಗತದ. ಬೇಕಾದ್ರ ಪ್ರವಾಸ ಬಿಡ್ತೀನಿ. ಹೆಸರು ಬಿಡೂದಿಲ್ಲ.”

ಅನಿರುದ್ಧನಿಗೆ ಅತ್ತ ದರಿ, ಇತ್ತ ಪುಲಿ. ಗೋಡೆಯ ಕ್ಯಾಲೆಂಡರಿನಲ್ಲಿ ಏನೋ ಹುಡುಕುವವನಂತೆ ನಿಂತುಬಿಟ್ಟ. ರುಕ್ಮಿಣಿಬಾಯಿ ನನ್ನನ್ನು ದೇವರ ಮನೆಯ ಕಪಾಟಿನಲ್ಲಿಟ್ಟು ಬೀಗ ಹಾಕಿ, ಕೀಲಿಕೈ ಸೊಂಟಕ್ಕೆ ಸಿಗಿಸಿಕೊಂಡರು.

ಒಂದಾಯಿತು. ಎರಡಾಯಿತು. ಯಾರೂ ಊಟಕ್ಕೆ ಏಳಲಿಲ್ಲ. ಕರ್ಪೂರ, ಊದಿನಕಡ್ಡಿಗಳ ಮಗ್ಗುಲಲ್ಲಿ ಮಲಗಿ ನಾನು ಹೊರಗಿನ ಗಡಿಯಾರ ಎಣಿಸಿದೆ. ಮೂರು ಹೊಡೆಯಿತು. ಏಜೆಂಟನ ಫೋನು ಎರಡು ಸಲ ಬಂತು. “ಇನ್ನೂ ಇಲ್ರಿ” ಎಂದ ಅನಿರುದ್ಧ, ಕಳ್ಳನ ದನಿಯಲ್ಲಿ. ಥೂ ಇವನ, ಒಂದು ಮಾತಾಡಬಾರದೇ ಎಂದು ಸಿಟ್ಟು ನೆತ್ತಿಗೇರಿತು ನನಗೆ.

ಮೂರೂವರೆಗೆ ಬೀಗ ತೆರೆಯಿತು. ರುಕ್ಮಿಣಿಬಾಯಿ ನನ್ನನ್ನು ಎತ್ತಿಕೊಂಡು ಮಣೆಯ ಮೇಲೆ ಕೂತರು. ಚಾಳೀಸು ಹಾಕಿಕೊಂಡು ಹೆಸರಿನ ಮೇಲೆ ಬೆರಳಾಡಿಸಿದರು, ಒಂದೊಂದೇ ಅಕ್ಷರ. ಮತ್ತೆ ಮೊದಲಿನಿಂದ. ಹರಿದುಹಾಕುತ್ತಾರೆಂದೇ ನಾನು ಹೆದರಿದೆ.

ಬಾಗಿಲಾಚೆ ಅನಿರುದ್ಧ ಕೊನೆಗೂ ಬಾಯಿಬಿಟ್ಟ. “ಅವ್ವಾ, ತಪ್ಪು ನಂದು. ಟಿಕೆಟ್ ತಗಸೂ ಮುಂದ ಆಕಿನ್ನ ಒಂದ ಮಾತು ಕೇಳಬೇಕಿತ್ತು, ಕೇಳಲಿಲ್ಲ. ಆಕಿ ಹೆಸರು ಆಕಿದು. ಅದನ್ನ ಕೊಡು.”

ರುಕ್ಮಿಣಿಬಾಯಿ ಗೋಡೆ ಹಿಡಿದು ಎದ್ದರು, ಹೊರಗೆ ಬಂದರು, ನನ್ನನ್ನು ಮಾನಸಿಯ ಕೈಗೆ ತುರುಕಿದರು. “ತಗೋವಾ. ನನ್ನ ಹೆಸರಂತೂ ಹೋತು. ನಿಂದರ ಇರ್ಲಿ.” ಅಷ್ಟೆಂದು ಅಡುಗೆಮನೆಗೆ ನಡೆದರು. ನಾಲ್ಕಕ್ಕೆ ಎಂಟು ನಿಮಿಷವಿತ್ತು. ಫೋಟೋ ಹೊಡೆಯುವ, ಕಳಿಸುವ ಗಡಿಬಿಡಿ. ಸೀಟು ಸಿಕ್ಕಿತು.

ವಿಮಾನ ನಿಲ್ದಾಣದಲ್ಲಿ ಅಧಿಕಾರಿ ಹೆಸರು ಕೇಳಿದಾಗ ಮಾನಸಿ ಹಿಂದಿನ ಸಾಲಿನವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ಹೇಳಿದಳು. ಧಪ್ಪನೆ ನನ್ನ ಮೇಲೆ ಸಿಕ್ಕಾ ಬಿತ್ತು. ಆ ಸುಖ! ಇನ್ನು ದ್ವೀಪದ ವರ್ಣನೆ ನನ್ನಿಂದ ಕೇಳಬೇಡಿ. ಹೋದ ಕೂಡಲೇ ನನ್ನನ್ನು ಕೋಣೆಯ ಲಾಕರಿನಲ್ಲಿಟ್ಟು ಬಾಗಿಲು ಹಾಕಿದರು. ಐದು ದಿನ ನಾನು ಕಂಡದ್ದು ಕಬ್ಬಿಣ. ಕಂಬಗಳಿಗೆ ನೀರು ಬಡಿಯುವುದು ಮಾತ್ರ ಕೇಳುತ್ತಿತ್ತು, ಜೊತೆಗೆ ಗಾಜಿನ ನೆಲದ ಮೇಲೆ ಬೋರಲು ಮಲಗಿ ಒಂದೊಂದು ಮೀನಿನ ಹೆಸರು ಕೂಗುವ ಮಾನಸಿಯ ದನಿ. “ಏ ಮಾರಾಯ್ತಿ, ನನ್ನ ಕಡೆನೂ ಒಂಚೂರು ನೋಡ” ಎಂದು ಅನಿರುದ್ಧ ಗೋಗರೆಯುತ್ತಿದ್ದ.

ಮುಂದೆ ಆರು ವರ್ಷಕ್ಕೆ ನನ್ನ ಅವಧಿ ತೀರಿತು. ಮೂಲೆ ಕತ್ತರಿಸಿದರು, ರದ್ದು ಎಂದು ಒತ್ತಿದರು. ಹೊಸಬನ ಮೇಲೂ ಮಾನಸಿ ಎಂದೇ ಇದೆ, ಆ ಸಮಾಧಾನ ಸಾಕು. ಈಗ ನಾನಿರುವುದು ಹುಬ್ಬಳ್ಳಿಯ ಮನೆಯ ಮೇಜಿನ ಡ್ರಾಯರಿನಲ್ಲಿ, ನಿಂತ ಗಡಿಯಾರ, ಒಡೆದ ಚಾಳೀಸುಗಳ ಸಂಗಡ. ಮುದಿತನದಲ್ಲಿ ಹೊಳೆಯುವುದೇ ಬೇರೆ. ಅಂದಿನ ಗಡಿಬಿಡಿಯಲ್ಲಿ ಯಾರೂ ರುಕ್ಮಿಣಿಬಾಯಿಯವರನ್ನು ಒಂದು ಮಾತು ಕೇಳಲಿಲ್ಲ, ಹೋದ ಹೆಸರು ಯಾವುದೆಂದು. ಕೃಷ್ಣರಾಯರ ಕೈಹಿಡಿದದ್ದಕ್ಕೆ ಹತ್ತೊಂಬತ್ತನೇ ವಯಸ್ಸಿನಲ್ಲಿ ರುಕ್ಮಿಣಿಯಾದವರು ಅವರು.

ಮೊನ್ನೆ ಮಧ್ಯಾಹ್ನ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಅವರು ಡ್ರಾಯರು ಎಳೆದರು, ನನ್ನನ್ನು ತೆಗೆದು ಒಂದು ಖಾಲಿ ಪುಟ ಬಿಡಿಸಿದರು, ಪೆನ್ಸಿಲ್ ಹಿಡಿದರು. ನನ್ನಲ್ಲಿ ಗೀಚುವುದು ಅಪರಾಧ. ಕಾನೂನು ಬಲ್ಲ ನಾನು ತೆಪ್ಪಗಿದ್ದೆ. ದೊಡ್ಡ ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆದರು: ಅಂಬುಜಾ.

ಬರೆದದ್ದನ್ನು ದೂರ ಹಿಡಿದು ನೋಡಿದರು. ಆಮೇಲೆ, ಯಾರನ್ನೋ ಕರೆಯುವಂತೆ, “ಅಂಬುಜಾ” ಎಂದರು. ಸ್ವಲ್ಪ ಹೊತ್ತು ಕಾದು, ತಾವೇ “ಓ” ಎಂದರು.